ಮುಳ್ಳು ಮುಂದೋಡಿದ ವಾರ

ನನ್ನದು ಅನುಮಾನದ ಸ್ವಭಾವ. ಬಹಳ ಕಾಲ ಅದನ್ನು ಜಾಣತನ ಎಂದೇ ತಿಳಿದಿದ್ದೆ. ದಾವಣಗೆರೆಯ ಮಾರ್ಕೆಟ್ಟಿನಲ್ಲಿ ಒಂದು ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಬೇರೆ ನಾಲ್ಕು ಕಾಯಿಗಳನ್ನೂ ಅಲ್ಲಾಡಿಸಿ, ಕೊನೆಗೆ ಮೊದಲಿನದನ್ನೇ ಚೀಲಕ್ಕೆ ಹಾಕಿಕೊಳ್ಳುವವರ ಮನೆಯಲ್ಲಿ ಬೆಳೆದವನು ನಾನು. ಗೋಥೆನ್‌ಬರ್ಗ್‌ಗೆ ಬಂದ ಮೇಲೆ ಆ ಗುಣಕ್ಕೆ ಸಂಬಳವೂ ಸಿಕ್ಕಿತು. ಸ್ವೀಡನ್ನಿನ ಈ ಊರಿನ ಒಂದು ಕಾರು ಕಂಪನಿಯಲ್ಲಿ ಬ್ರೇಕ್ ಪರೀಕ್ಷಿಸುವುದು ನನ್ನ ಕೆಲಸ. ಬ್ರೇಕ್ ಹಿಡಿಯುವುದಿಲ್ಲ ಎಂದು ಮೊದಲೇ ತೀರ್ಮಾನಿಸಿ, ಹಿಡಿಯುತ್ತೇನೆ ಎಂದು ಅದೇ ಸಾಬೀತು ಮಾಡಲಿ ಅಂತ ಕೂರಬೇಕು. ಹನ್ನೊಂದು ವರ್ಷದಿಂದ ಹಾಗೆ ಕೂತಿದ್ದೇನೆ.

ಅಂಥ ನಾನು ನಲವತ್ತೆರಡನೆಯ ವಯಸ್ಸಿನಲ್ಲಿ ಒಂದು ದುಬಾರಿ ವಾಚ್ ಕೊಂಡೆ. ಬ್ಯಾಟರಿ ಇಲ್ಲದ್ದು, ಸ್ಪ್ರಿಂಗಿನ ಬಲದಿಂದ ನಡೆಯುವಂಥದ್ದು, ಕೈ ಆಡಿದಷ್ಟೂ ತನಗೆ ತಾನೇ ಕೀಲಿ ಕೊಟ್ಟುಕೊಳ್ಳುವಂಥದ್ದು. ಯಾವ ಕಂಪನಿಯದು ಎಂದು ಹೇಳುವುದಿಲ್ಲ, ಹೇಳಿದರೆ ನೀವು ಬೆಲೆ ಹುಡುಕಿ ನೋಡುತ್ತೀರಿ. ಟ್ರಾಮ್ ಇಳಿದು ಆಫೀಸಿಗೆ ನಡೆಯುವ ದಾರಿಯಲ್ಲಿ ಗಡಿಯಾರ ರಿಪೇರಿ ಮಾಡುವ ಒಬ್ಬ ವಯಸ್ಸಾದವರ ಚಿಕ್ಕ ಅಂಗಡಿ ಇತ್ತು. ಹಳೆಯ ವಾಚುಗಳನ್ನು ಬಿಚ್ಚಿ, ತೊಳೆದು, ಸರಿಮಾಡಿ ಮಾರುತ್ತಿದ್ದರು. ಆ ವಾಚಿನ ಬೆನ್ನಿಗೆ ಗಾಜಿನ ಮುಚ್ಚಳವಿತ್ತು. ಒಳಗಿನ ಚಕ್ರಗಳು, ಎಡಕ್ಕೂ ಬಲಕ್ಕೂ ಉಸಿರಾಡುವ ಪುಟ್ಟ ಸ್ಪ್ರಿಂಗು, ಎಲ್ಲವೂ ಕಾಣುತ್ತಿದ್ದವು. ಮುಚ್ಚಿಡುವುದೇನೂ ಇಲ್ಲ, ನೋಡಿಕೋ ಎನ್ನುವ ವಸ್ತುವನ್ನು ನಾನು ಅದುವರೆಗೆ ಕಂಡಿರಲಿಲ್ಲ. ಮನಸೋತೆ. ಆದರೂ ಕೊಳ್ಳುವ ಮುಂಚೆ ಐದು ಸಲ ಹೋದೆ.

ಒಂದು ಸಲ ಹೋಗಿ ಇದರಲ್ಲಿ ಚಿನ್ನವಿದೆಯೇ ಎಂದು ಕೇಳಿದೆ. ನಮ್ಮ ಮುಸ್ಲಿಮರಲ್ಲಿ ಗಂಡಸರು ಚಿನ್ನ ತೊಡುವಂತಿಲ್ಲ. ಆ ಮುದುಕರು ಇದುವರೆಗೆ ಚಿನ್ನ ಬೇಕೆಂದು ಕೇಳಿದವರನ್ನು ಕಂಡಿದ್ದರೇ ಹೊರತು ಬೇಡವೆಂದು ಕೇಳಿದವರನ್ನು ಕಂಡಿರಲಿಲ್ಲ. ಕವಚ ಉಕ್ಕು, ಮುಳ್ಳುಗಳೂ ಉಕ್ಕು ಎಂದರು. ಇನ್ನೊಂದು ಸಲ ಹೋಗಿ ಪಟ್ಟಿ ಯಾವ ಪ್ರಾಣಿಯ ಚರ್ಮ ಎಂದು ಕೇಳಿದೆ. ಕರುವಿನದು ಎಂದರು. ಒಳಗಡೆಯ ಅಸ್ತರು ಹಂದಿಯದಲ್ಲ ತಾನೇ? ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. ಅದನ್ನು ಖಚಿತವಾಗಿ ಹೇಳಲಾರೆ, ಬೇಕಾದರೆ ವಾಚನ್ನು ಎರಡು ದಿನ ಇಲ್ಲಿ ಬಿಟ್ಟು ಹೋಗಿ, ನಾನೇ ಬೇರೆ ಪಟ್ಟಿ ಹೊಲಿದು ಹಾಕುತ್ತೇನೆ ಎಂದರು. ಪಟ್ಟಿಯ ಅನುಮಾನ ತೀರಿತು. ಆದರೆ ದುಡ್ಡು ಕೊಟ್ಟ ವಾಚನ್ನು ಎರಡು ದಿನ ಇನ್ನೊಬ್ಬರ ಕೈಯಲ್ಲಿ ಬಿಟ್ಟಿದ್ದು ಹೊಸ ಅನುಮಾನವಾಗಿ ಎಲ್ಲೋ ಉಳಿದುಕೊಂಡಿತು.

"ಒಂದು ವಾಚ್ ತಗೊಳ್ಳಿಕ್ಕೆ ಇಷ್ಟು ವಿಚಾರಣೆಯಾ?" ಎಂದಳು ನನ್ನ ಹೆಂಡತಿ. "ನನ್ನನ್ನು ನೋಡ್ಲಿಕ್ಕೆ ಬಂದಾಗ ಒಂದು ಚಾ ಕುಡಿದು ಹೂಂ ಅಂದ್ರಲ್ಲ ಮಾರಾಯ್ರೆ."

ಅವಳು ಮಂಗಳೂರಿನ ಬ್ಯಾರಿ ಮನೆಯವಳು, ನಾನು ದಖನಿ ಮಾತಾಡುವವನು. ಇಬ್ಬರಿಗೂ ಸಮವಾಗಿ ಸಿಕ್ಕ ಭಾಷೆ ಕನ್ನಡ. ಇಲ್ಲಿಯ ಕನ್ನಡದವರು ಸೇರಿದಾಗ ಅವಳ ಮಾತು ತಗ್ಗಿ ಬೆಂಗಳೂರಿನದಾಗುತ್ತದೆ, ಮನೆಗೆ ಬಂದು ಸಿಟ್ಟು ಬಂದರೆ ಪೂರ್ತಿ ಮಂಗಳೂರಿಗೆ ವಾಪಸಾಗುತ್ತದೆ. ಹತ್ತು ವರ್ಷದ ಮಗಳು ನಮ್ಮ ಕನ್ನಡವನ್ನು ಕೇಳಿಸಿಕೊಂಡು ಸ್ವೀಡಿಷ್‌ನಲ್ಲಿ ಉತ್ತರ ಕೊಡುತ್ತಾಳೆ. ಏನಾದರೂ ಬೇಕಾದಾಗ ಮಾತ್ರ ಕನ್ನಡಕ್ಕೆ ಬರುತ್ತಾಳೆ.

ವಾಚ್ ಬಂದ ಮೇಲೆ ನನ್ನ ದಿನಚರಿಯೇ ಬದಲಾಯಿತು. ಮೆತ್ತನೆಯ ಬಟ್ಟೆಯಲ್ಲಿ ದಿನಕ್ಕೊಮ್ಮೆ ಒರೆಸುವುದು. ರಜೆಯ ದಿನ ಕೈಗೆ ಕಟ್ಟದಿದ್ದರೆ ಬೆಳಿಗ್ಗೆ ಇಪ್ಪತ್ತು ಸುತ್ತು ಕೀಲಿ ಕೊಡುವುದು. ಮುಳ್ಳನ್ನು ಮಾತ್ರ ತಿಂಗಳಿಗೆ ಒಂದೇ ಸಲ, ಒಂದನೆಯ ತಾರೀಖು, ಸರಿಮಾಡುವುದು. ಪದೇ ಪದೇ ತಿರುಗಿಸಿದರೆ ಒಳಗಿನ ಹಲ್ಲು ಸವೆಯಬಹುದು ಎಂಬ ಗುಮಾನಿ. ದಿನಕ್ಕೆ ನಾಲ್ಕೈದು ಸೆಕೆಂಡಿಗಿಂತ ಹೆಚ್ಚು ತಪ್ಪುವುದಿಲ್ಲ ಎಂದು ಮುದುಕರು ಹೇಳಿದ್ದರು. ಮೊದಲ ಎರಡು ತಿಂಗಳು ದಿನವೂ ಫೋನಿನ ಪಕ್ಕ ಹಿಡಿದು ನೋಡಿದೆ. ಅವರು ಹೇಳಿದ್ದು ನಿಜವಾಗಿತ್ತು. ಆಮೇಲೆ ನೋಡುವುದನ್ನು ಬಿಟ್ಟೆ. ಜೀವಮಾನದಲ್ಲಿ ನಾನು ಪೂರ್ತಿ ನಂಬಿದ ಒಂದೇ ವಸ್ತು ಅದು. ನಂಬಲು ನನಗೆ ಅಭ್ಯಾಸವಿರಲಿಲ್ಲ, ಹಾಗಾಗಿ ಒಮ್ಮೆ ನಂಬಿದ ಮೇಲೆ ಕಣ್ಣು ಮುಚ್ಚಿ ನಂಬಿದೆ.

ಕಷ್ಟವಾಗಿದ್ದು ವುಜೂ. ನಮಾಜಿಗೆ ಮುಂಚೆ ಮೊಣಕೈವರೆಗೆ ಕೈ ತೊಳೆಯಬೇಕು, ಚರ್ಮದ ಪಟ್ಟಿಗೆ ನೀರು ತಾಗಬಾರದು. ಅಂದರೆ ದಿನಕ್ಕೆ ಐದು ಸಲ ಬಿಚ್ಚು, ಐದು ಸಲ ಕಟ್ಟು. ಆಫೀಸಿನಲ್ಲಿ ಅದನ್ನು ವಾಶ್‌ಬೇಸಿನ್ ಪಕ್ಕ ಇಡಲು ಧೈರ್ಯವಿಲ್ಲ. ಇಲ್ಲಿಯವರು ಬೇರೆಯವರ ಕೊಡೆಯನ್ನೂ ಮುಟ್ಟದ ಜನ, ಕಳೆದ ಕೈಗವಸನ್ನು ಬೇಲಿಯ ಕಂಬಕ್ಕೆ ಸಿಕ್ಕಿಸಿ ಹೋಗುವವರು. ಆದರೂ ನಾನು ವಾಚನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಕೈ ತೊಳೆದಿದ್ದೇನೆ. ಒಬ್ಬ ಸಹೋದ್ಯೋಗಿ ಒಳಗೆ ಬಂದವನು ನನ್ನನ್ನು ಕಂಡು ಹಿಂದಕ್ಕೆ ತಿರುಗಿ ಹೊರಗೆ ಹೋದ. ಮನೆಯಲ್ಲಿ ಮಾತ್ರ ನಿಶ್ಚಿಂತೆ. ಹೆಂಡತಿಯ ಡ್ರೆಸ್ಸಿಂಗ್ ಟೇಬಲ್ಲಿನ ಮೇಲೆ ಒಂದು ಪಿಂಗಾಣಿ ಬಟ್ಟಲಿತ್ತು. ಅವಳ ಉಂಗುರ, ಪಿನ್ನು, ಸ್ಕಾರ್ಫಿಗೆ ಹಾಕುವ ಗುಂಡಿಗಳ ಜೊತೆ ವಾಚನ್ನೂ ಅದರಲ್ಲೇ ಇಡುತ್ತಿದ್ದೆ. ರಾತ್ರಿ ಅದು ಅಲ್ಲೇ ಮಲಗುತ್ತಿತ್ತು.

"ಎರಡನೆಯವಳಿಗೆ ನನ್ನ ಬಟ್ಟಲೇ ಬೇಕಾ?" ಎಂದು ಇವಳು ಕಿಚಾಯಿಸುತ್ತಿದ್ದಳು.

ಆ ವರ್ಷದ ರಂಜಾನ್ ಚಳಿಗಾಲ ಮುಗಿಯುವ ಹೊತ್ತಿಗೆ ಬಂತು. ಇಲ್ಲಿ ಹಗಲು ದಿನಕ್ಕೆ ನಾಲ್ಕೈದು ನಿಮಿಷ ಉದ್ದವಾಗುತ್ತಾ ಹೋಗುವ ಕಾಲ, ಆದ್ದರಿಂದ ಸಂಜೆ ರೋಜಾ, ಅಂದರೆ ಉಪವಾಸ, ಬಿಡುವ ಸಮಯವೂ ದಿನಾ ಬದಲು. ಫೋನಿನ ಆ್ಯಪ್‌ಗಳ ಮೇಲೆ ನನಗೆ ನಂಬಿಕೆಯಿಲ್ಲ. ಹಿಂದಿನ ವರ್ಷ ಒಂದು ಆ್ಯಪ್ ನನ್ನನ್ನು ಸ್ಟಾಕ್‌ಹೋಮಿನಲ್ಲಿದ್ದಾನೆ ಎಂದುಕೊಂಡು ಅಲ್ಲಿಯ ಸೂರ್ಯಾಸ್ತ ತೋರಿಸಿತ್ತು. ಸ್ಟಾಕ್‌ಹೋಮ್ ಪೂರ್ವಕ್ಕಿದೆ, ಅಲ್ಲಿ ನಮಗಿಂತ ಮುಂಚೆ ಮುಳುಗುತ್ತದೆ. ಆವತ್ತು ಕೊನೆಯ ಗಳಿಗೆಯಲ್ಲಿ ಎಚ್ಚರವಾಗಿ ತುತ್ತನ್ನು ಕೆಳಗಿಟ್ಟಿದ್ದೆ. ಆಮೇಲಿಂದ ನಮ್ಮ ಮನೆಯಲ್ಲಿ ಒಂದೇ ಕಾನೂನು: ಮಸೀದಿಯವರು ಅಚ್ಚುಹಾಕಿಸಿದ ವೇಳಾಪಟ್ಟಿ ಫ್ರಿಜ್ಜಿನ ಮೇಲೆ, ವಾಚ್ ನನ್ನ ಕೈಯಲ್ಲಿ, ಫೋನುಗಳೆಲ್ಲ ಬಾಗಿಲ ಬಳಿಯ ಬುಟ್ಟಿಯಲ್ಲಿ. ನಾನು 'ಬಿಸ್ಮಿಲ್ಲಾ' ಎಂದರೆ ರೋಜಾ ಬಿಟ್ಟ ಹಾಗೆ.

ಎರಡನೆಯ ವಾರದಲ್ಲಿ ಗೋಥೆನ್‌ಬರ್ಗ್‌ನ ಶಿಸ್ತು ಹಾಳಾಗತೊಡಗಿತು. ಹಾಗೆಂದು ನನಗನ್ನಿಸಿತು. ಮಂಗಳವಾರ ಟ್ರಾಮ್ ಎರಡು ನಿಮಿಷ ತಡ. ಗುರುವಾರ ನಾಲ್ಕು ನಿಮಿಷ. ನಿಲ್ದಾಣದಲ್ಲಿ ನಿಂತವರು ಯಾರೂ ಗೊಣಗಲಿಲ್ಲ, ಅದೂ ನನಗೆ ವಿಚಿತ್ರವೆನಿಸಿತು. ಆಫೀಸಿನಲ್ಲಿ ಮೀಟಿಂಗ್ ರೂಮಿಗೆ ನಾನೊಬ್ಬನೇ ಮೊದಲು ಹೋಗಿ ಕೂರುತ್ತಿದ್ದೆ, ಉಳಿದವರು ಕಾಫಿ ಲೋಟ ಹಿಡಿದು ಆರಾಮಾಗಿ ಬರುತ್ತಿದ್ದರು. ನಾನು ಉಪವಾಸ, ಇವರು ಫಿಕಾ, ಅಂದರೆ ಕಾಫಿ ತಿಂಡಿ, ಮುಗಿಸಿಕೊಂಡು ತಡವಾಗಿ ಬರುತ್ತಾರೆ ಎಂದು ಒಳಗೇ ಉರಿ. ಲ್ಯಾಪ್‌ಟಾಪಿನ ಮೂಲೆಯಲ್ಲಿ ಸಮಯ ಕಾಣುವುದಿಲ್ಲವೇ ಎಂದು ನೀವು ಕೇಳಬಹುದು. ಕೈಯಲ್ಲಿ ಅಂಥ ವಾಚ್ ಇರುವಾಗ ಲ್ಯಾಪ್‌ಟಾಪಿನ ಮೂಲೆಯನ್ನು ಯಾರು ನೋಡುತ್ತಾರೆ?

ಆ ಶನಿವಾರ ಮಗಳ ಮೊದಲ ರೋಜಾ. ಅವಳ ವಯಸ್ಸಿಗೆ ಕಡ್ಡಾಯವಲ್ಲ, ಅವಳೇ ಹಟ ಹಿಡಿದಿದ್ದಳು. ನಮ್ಮ ಕಡೆ ಮಗುವಿನ ಮೊದಲ ರೋಜಾ ಅಂದರೆ ಮನೆಯಲ್ಲಿ ಒಂದು ಹಬ್ಬ. ಹೊಸ ಬಟ್ಟೆ, ಕೊರಳಿಗೆ ಹೂವಿನ ಹಾರ, ನೆಂಟರು. ಹೆಂಡತಿ ನಾಲ್ಕು ಮನೆಯವರನ್ನು ಕರೆಯೋಣ ಎಂದಳು. ನಾನು ಬೇಡವೆಂದೆ. ಯಾರ ಕಣ್ಣು ಹೇಗಿರುತ್ತದೋ, ಮಗುವಿಗೆ ನಜರ್ ತಾಗಬಾರದು. ಆದ್ದರಿಂದ ಮೂವರೇ.

ಮಗು ಬೆಳಗಿನ ಜಾವದ ಸಹರಿ ಊಟಕ್ಕೆ ಎದ್ದು ಮೊಸರನ್ನ ತಿಂದು, ರೋಜಾದ ಸಂಕಲ್ಪವಾದ ನಿಯತ್ತು ಹೇಳಿದಳು. ಮಧ್ಯಾಹ್ನದವರೆಗೆ ಕುಣಿದಾಡುತ್ತಿದ್ದವಳು ಮೂರು ಗಂಟೆಗೆ ಸೋಫಾದ ಮೇಲೆ ಒರಗಿದಳು. ನಾಲ್ಕಕ್ಕೆ ಮಾತು ನಿಲ್ಲಿಸಿದಳು. ತುಟಿ ಒಣಗಿತ್ತು. "ಸಾಕು ಪುಟ್ಟಿ, ನೀರು ಕುಡಿ, ಅಲ್ಲಾಹನಿಗೆ ನಿನ್ನ ಮನಸ್ಸು ಗೊತ್ತು" ಎಂದು ತಾಯಿ ಎರಡು ಸಲ ಹೇಳಿದಳು. ಮಗು ತಲೆಯಲ್ಲಾಡಿಸಿದಳು. ಅವಳನ್ನು ನೋಡಿ ನನಗೆ ಎದೆ ಉಬ್ಬಿತ್ತು.

ಅಪರೂಪಕ್ಕೆ ಆ ದಿನ ಮೋಡವಿರಲಿಲ್ಲ. ನಮ್ಮ ಮನೆ ಗುಡ್ಡದ ಮೇಲಿನ ಕಟ್ಟಡದ ಐದನೆಯ ಅಂತಸ್ತು, ಅಡುಗೆಮನೆಯ ಕಿಟಕಿ ಪಶ್ಚಿಮಕ್ಕೆ. ದೂರದಲ್ಲಿ ಬಂದರಿನ ಕ್ರೇನುಗಳು ಕಾಣುತ್ತವೆ. ಸಮೋಸ, ಕಲ್ಲಂಗಡಿ, ಖರ್ಜೂರ, ರೂಹಫ್ಜಾ ಶರಬತ್ತು ಬೆರೆಸಿದ ಹಾಲು ಮೇಜಿನ ಮೇಲೆ. ವೇಳಾಪಟ್ಟಿಯಲ್ಲಿ ಐದು ಐವತ್ತನಾಲ್ಕು. ನಾನು ತೋಳು ಮಡಚಿ ವಾಚನ್ನು ಮುಖದ ಹತ್ತಿರ ಹಿಡಿದು, ರಾಕೆಟ್ ಹಾರಿಸುವವನಂತೆ ಸೆಕೆಂಡಿನ ಮುಳ್ಳನ್ನೇ ನೋಡುತ್ತಿದ್ದೆ. ಐವತ್ತನಾಲ್ಕು ದಾಟಿತು. ನನ್ನ ಪದ್ಧತಿಯಂತೆ ಇನ್ನೂ ಅರ್ಧ ನಿಮಿಷ ಬಿಟ್ಟು, "ಬಿಸ್ಮಿಲ್ಲಾ" ಎಂದೆ. ಮಗಳು ಒಂದು ಕ್ಷಣ ತಡೆದು ಕಿಟಕಿಯ ಕಡೆ ತಿರುಗಿದಳು. ಆಮೇಲೆ ಲೋಟ ಎತ್ತಿ ಒಂದೇ ಉಸಿರಿನಲ್ಲಿ ಕುಡಿದಳು. ನಾವಿಬ್ಬರೂ ಅವಳ ತಲೆ ಸವರಿದೆವು. ಹೆಂಡತಿಯ ಕಣ್ಣಲ್ಲಿ ನೀರಿತ್ತು.

ಸೋಮವಾರ ಬೆಳಿಗ್ಗೆ ಮೀಟಿಂಗಿಗೆ ಎಲ್ಲರೂ ಎಂಟು ನಿಮಿಷ ತಡವಾಗಿ ಬಂದರು. ನನಗೆ ತಡೆಯಲಾಗಲಿಲ್ಲ. "ಇದು ಒಂದು ವಾರದಿಂದ ನಡೀತಿದೆ. ನಮ್ಮೂರಿನವರು ತಡ ಮಾಡಿದರೆ ನೀವು ಇಂಡಿಯನ್ ಟೈಮ್ ಅಂತ ನಗ್ತೀರಿ" ಎಂದು ಹೇಳಿಯೇಬಿಟ್ಟೆ. ಕೋಣೆ ತಣ್ಣಗಾಯಿತು. ಸ್ವೀಡನ್ನಿನವರಿಗೆ ನೀವು ಏನು ಬೇಕಾದರೂ ಅನ್ನಬಹುದು, ತಡವಾಗಿ ಬಂದಿರಿ ಎಂದು ಮಾತ್ರ ಅನ್ನಬಾರದು. ನನ್ನ ಪಕ್ಕದವಳು ತನ್ನ ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿದಳು. ಒಂಬತ್ತಕ್ಕೆ ಇನ್ನೂ ಅರ್ಧ ನಿಮಿಷವಿತ್ತು. ನನ್ನ ಕೈಯಲ್ಲಿ ಒಂಬತ್ತು ಗಂಟೆ ಎಂಟು ನಿಮಿಷ.

ಮಾನ ಹೋಯಿತು, ಅದಿರಲಿ. ಆ ಕೋಣೆಯಲ್ಲೇ ಕೂತು ಲೆಕ್ಕ ಹಾಕಿದೆ. ಇಂದು ಎಂಟು ನಿಮಿಷ ಮುಂದೆ ಎಂದರೆ, ದಿನಕ್ಕೆ ಒಂದು ನಿಮಿಷ ಚಿಲ್ಲರೆ ಎಂದರೆ, ಶನಿವಾರ ಸಂಜೆ ಆರು ನಿಮಿಷ. ಸಹರಿಯಲ್ಲಿ ಗಡಿಯಾರ ಮುಂದಿದ್ದರೆ ತೊಂದರೆಯಿಲ್ಲ, ಸ್ವಲ್ಪ ಮುಂಚೆ ಬಾಯಿ ಕಟ್ಟುತ್ತೇವೆ ಅಷ್ಟೆ. ಇಫ್ತಾರಿನಲ್ಲಿ ಮುಂದಿದ್ದರೆ ದಿನವಿಡೀ ಹಿಡಿದ ರೋಜಾ ಮುಳುಗದ ಸೂರ್ಯನ ಎದುರಿಗೇ ಮುರಿದ ಹಾಗೆ. ನಮ್ಮಿಬ್ಬರ ಏಳು ರೋಜಾ ಹೋಗಿದ್ದವು. ಮಸೀದಿಯ ಇಮಾಮರಿಗೆ ಫೋನ್ ಮಾಡಿದೆ. ತಪ್ಪಿ ಆದದ್ದಕ್ಕೆ ಪಾಪವಿಲ್ಲ, ಆದರೆ ಆ ಏಳನ್ನೂ ನೀವಿಬ್ಬರೂ ಮತ್ತೆ ಹಿಡಿಯಬೇಕು ಎಂದರು. ಮಗಳ ವಿಷಯ ಕೇಳಿದೆ. ಚಿಕ್ಕ ಮಗು, ಅವಳ ಮೇಲೆ ಏನೂ ಇಲ್ಲ ಎಂದರು. ನನಗೆ ಸಮಾಧಾನವಾಗಲಿಲ್ಲ. ಒಣಗಿದ ತುಟಿಯಲ್ಲಿ ಸಂಜೆಯವರೆಗೆ ಕಾದ ಮಗುವಿಗೆ, ನಿನ್ನ ಮೊದಲ ರೋಜಾ ರೋಜಾವೇ ಅಲ್ಲ ಎಂದು ಯಾವ ಬಾಯಲ್ಲಿ ಹೇಳಲಿ? ಹೇಳುವುದು ಬೇಡ ಎಂದು ತೀರ್ಮಾನಿಸಿದೆ. ಹೆಂಡತಿಗೆ ಮಾತ್ರ ಹೇಳಿದೆ. ಅವಳು "ಪಾಪ, ಆ ಮಗು" ಎಂದಳು.

ಆಮೇಲೆ ನನ್ನ ಹಳೆಯ ಗುಣ ಹೆಡೆಯೆತ್ತಿತು. ಇದಕ್ಕೆ ಯಾರೋ ಕಾರಣವಿರಬೇಕು. ಮೊದಲ ಅನುಮಾನ ಆ ಮುದುಕರ ಮೇಲೆ. ಪಟ್ಟಿ ಹೊಲಿಯುತ್ತೇನೆ ಎಂದು ಎರಡು ದಿನ ಇಟ್ಟುಕೊಂಡು ಒಳಗಿನ ಯಂತ್ರವನ್ನೇ ಬದಲಾಯಿಸಿದ್ದಾರೆ. ಹೊರಗಿನವನು, ಭಾಷೆ ಅರೆಬರೆ, ಕೇಳುವವರಿಲ್ಲ ಎಂದುಕೊಂಡಿರಬೇಕು. ಎರಡನೆಯದು ಹೆಂಡತಿಯ ಮೇಲೆ. ಟೇಬಲ್ ಒರೆಸುವಾಗ ಕೆಳಗೆ ಬೀಳಿಸಿ ಹೇಳದೆ ಬಿಟ್ಟಿರಬಹುದು. ಮೂರನೆಯದು ಬೇಡಬೇಡವೆಂದರೂ ಮಗಳ ಮೇಲೆ ಹೋಯಿತು. ಶನಿವಾರದಿಂದ ಅವಳು ಸರಿಯಿರಲಿಲ್ಲ. ಹೊಸ ಬಟ್ಟೆಯನ್ನು ಶಾಲೆಗೆ ಹಾಕಿಕೊಂಡು ಹೋಗುತ್ತೇನೆ ಎಂದಿದ್ದವಳು ಬೀರುವಿನಲ್ಲಿಟ್ಟು ಬಾಗಿಲು ಹಾಕಿದ್ದಳು. ಮುಂದಿನ ಶನಿವಾರವೂ ರೋಜಾ ಹಿಡಿಯುತ್ತೀಯಾ ಎಂದರೆ ಬೇಡವೆಂದಳು. ನಾನು ವಾಚ್ ಕೈಗೆತ್ತಿಕೊಂಡರೆ ಎದ್ದು ಬೇರೆ ಕೋಣೆಗೆ ಹೋಗುತ್ತಿದ್ದಳು. ಅನುಮಾನಿಸುವವನ ಕಣ್ಣಿಗೆ ಇದಕ್ಕಿಂತ ಇನ್ನೇನು ಸಾಕ್ಷಿ ಬೇಕು?

ಬುಧವಾರ ಆಫೀಸಿನಿಂದ ಬೇಗ ಹೊರಟು ಅಂಗಡಿಗೆ ಹೋದೆ. ಮುದುಕರ ಎದುರು ವಾಚಿಟ್ಟು, "ಇದರ ಒಳಗಿನದು ಬೇರೆ" ಎಂದೆ. ಅವರು ಬೇಸರ ಮಾಡಿಕೊಳ್ಳಲಿಲ್ಲ. ಮೇಜಿನ ಮೇಲಿದ್ದ ಒಂದು ದಿಕ್ಸೂಚಿಯನ್ನು ಎಳೆದುಕೊಂಡು ಅದರ ಹತ್ತಿರ ವಾಚನ್ನು ತಂದರು. ದಿಕ್ಸೂಚಿಯ ಮುಳ್ಳು ವಾಚಿನ ಕಡೆಗೆ ಗಿರ್ರನೆ ತಿರುಗಿತು.

"ಮ್ಯಾಗ್ನೆಟ್" ಎಂದರು. "ಕೂದಲೆಳೆಯಂಥ ಸ್ಪ್ರಿಂಗಿನ ಸುರುಳಿಗಳು ಒಂದಕ್ಕೊಂದು ಅಂಟಿವೆ. ಅಂಟಿದರೆ ಓಟ ಜೋರಾಗುತ್ತದೆ. ನಿಮ್ಮ ಮನೆಯಲ್ಲಿ ಏನೋ ಇದೆ."

ಒಂದು ಚಿಕ್ಕ ಪೆಟ್ಟಿಗೆಯ ಮೇಲೆ ವಾಚಿಟ್ಟು ಗುಂಡಿ ಒತ್ತಿ, ನಿಧಾನವಾಗಿ ಮೇಲೆತ್ತಿದರು. ಅಷ್ಟೇ ರಿಪೇರಿ. ಎಷ್ಟು ಕೊಡಬೇಕು ಎಂದರೆ ಏನೂ ಬೇಡ ಎಂದರು. ಇಷ್ಟು ಸುಲಭವಾಗಿ ಬಿಡುತ್ತಿದ್ದಾರಲ್ಲ, ಏನು ಮುಚ್ಚಿಡುತ್ತಿದ್ದಾರೋ ಎಂದು ಬಾಗಿಲು ದಾಟುವಾಗಲೂ ಅನ್ನಿಸಿತು. ಆದರೆ ಟ್ರಾಮ್ ಹತ್ತುವ ಹೊತ್ತಿಗೆ ಮನಸ್ಸು ಬೇರೆ ಕಡೆ ತಿರುಗಿತ್ತು. ನಮ್ಮ ಮನೆಯಲ್ಲಿ ಮ್ಯಾಗ್ನೆಟ್ ಎಂದರೆ ಮಗಳ ಆಟದ ಸಾಮಾನು. ಒಂದಕ್ಕೊಂದು ಅಂಟಿಸಿ ಮನೆ ಕಟ್ಟುವ ಬಣ್ಣದ ಹಲಗೆಗಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಅವಳು ನಡೆದುಕೊಂಡಿದ್ದಕ್ಕೆ ಈಗ ಕಾರಣ ಸಿಕ್ಕಿತು ಎಂದುಕೊಂಡೆ.

ಇಫ್ತಾರು ಮುಗಿದ ಕೂಡಲೇ ಮಗಳನ್ನು ಎದುರಿಗೆ ಕೂರಿಸಿಕೊಂಡೆ.

"ನನ್ನ ವಾಚ್ ಮುಟ್ಟಿದ್ಯಾ?"

"ನೇಯ್" ಎಂದಳು, ಸ್ವೀಡಿಷ್‌ನಲ್ಲಿ ಇಲ್ಲ ಎಂದು.

"ನಿನ್ನ ಮ್ಯಾಗ್ನೆಟ್ ಅದರ ಹತ್ತಿರ ಇಟ್ಟಿದ್ಯಾ?"

ತಲೆಯಲ್ಲಾಡಿಸಿದಳು.

"ಹಾಗಾದ್ರೆ ಶನಿವಾರದಿಂದ ಯಾಕೆ ಮುಖ ತಪ್ಪಿಸ್ಕೊಂಡು ಓಡಾಡ್ತಿದ್ದೀಯ? ನಿಜ ಹೇಳು. ರಂಜಾನ್ ತಿಂಗಳಲ್ಲಿ ಸುಳ್ಳು ಹೇಳಬಾರದು."

ನನ್ನ ದನಿ ಜೋರಾಗಿತ್ತು. ಅವಳು ಕಿಟಕಿಯ ಕಡೆ ನೋಡಿದಳು. ಆಮೇಲೆ ಕನ್ನಡದಲ್ಲಿ ಹೇಳತೊಡಗಿದಳು. ನನ್ನಿಂದ ಅವಳಿಗೆ ಏನೂ ಬೇಕಿರಲಿಲ್ಲ, ಆದರೂ ಕನ್ನಡದಲ್ಲೇ ಹೇಳಿದಳು.

"ಸೂರ್ಯ ಇತ್ತು ಪಪ್ಪಾ. ನೀವು ಬಿಸ್ಮಿಲ್ಲಾ ಅಂದ್ರಿ. ನಾನು ಕಿಟಕಿಯಲ್ಲಿ ನೋಡ್ದೆ. ಸೂರ್ಯ ಹೋಗಿರ್ಲಿಲ್ಲ, ಕ್ರೇನ್ ಹತ್ರ ಇತ್ತು. ನಂಗೆ ತುಂಬಾ ಬಾಯಾರಿಕೆ ಆಗಿತ್ತು. ಹೇಳಿದ್ರೆ ಇನ್ನೂ ಕಾಯ್ಬೇಕು ಅಂತ ನಾನು ಹೇಳ್ಲಿಲ್ಲ. ಕುಡಿದ್ಬಿಟ್ಟೆ. ನೀವೂ ಉಮ್ಮನೂ ಅಷ್ಟು ಖುಷಿಯಾಗಿದ್ರಿ. ನಾನು ಫುಸ್ಕ ಮಾಡ್ದೆ."

ಫುಸ್ಕ ಎಂದರೆ ಇಲ್ಲಿಯ ಮಕ್ಕಳ ಬಾಯಲ್ಲಿ ಆಟದಲ್ಲೋ ಪರೀಕ್ಷೆಯಲ್ಲೋ ಮಾಡುವ ಮೋಸ. ಆ ಮಾತು ಹೇಳಿದವಳೇ ಬಿಕ್ಕಿ ಬಿಕ್ಕಿ ಅತ್ತಳು. ಅಲ್ಲಾಹನಿಗೆ ಗೊತ್ತಾಗಿದೆ, ಅದಕ್ಕೇ ಇನ್ನು ರೋಜಾ ಹಿಡಿಯಲು ತನಗೆ ಭಯ ಎಂದಳು.

ಆ ಶನಿವಾರ ಸಂಜೆ ಮೂವರೂ ಅದೇ ಕಿಟಕಿಯ ಎದುರು ಕೂತಿದ್ದೆವು. ನಾನು ವಾಚ್ ನೋಡುತ್ತಿದ್ದೆ, ಹೆಂಡತಿ ನನ್ನನ್ನು ನೋಡುತ್ತಿದ್ದಳು. ಸೂರ್ಯನನ್ನು ನೋಡಿದ್ದು ಮಗುವೊಂದೇ.

ಹೆಂಡತಿ ಮಗುವನ್ನು ಎದೆಗೆ ಅವಚಿಕೊಂಡು ನನ್ನನ್ನು ನೋಡಿದ ನೋಟ ಇವತ್ತಿಗೂ ನೆನಪಿದೆ. ಸ್ವಲ್ಪ ಹೊತ್ತಿನ ಮೇಲೆ ಎದ್ದು ನಮಾಜಿನ ಚಾಪೆಯ ಜೊತೆ ಇಡುವ ಕಿಬ್ಲಾ ದಿಕ್ಸೂಚಿಯನ್ನು ತಂದಳು. ಮಕ್ಕಾದ ದಿಕ್ಕು ಹುಡುಕಲು ನಾವು ಪ್ರಯಾಣದಲ್ಲಿ ಒಯ್ಯುವಂಥದ್ದು.

"ಬನ್ನಿ. ಪೊಲೀಸಿನವರ ಹಾಗೆ ಮಗುವನ್ನು ಕೇಳಿದ್ದು ಸಾಕು. ಇಡೀ ಮನೆ ನೋಡುವ."

ಆಟದ ಹಲಗೆಗಳ ಡಬ್ಬಿ ಮಗಳ ಕೋಣೆಯಲ್ಲಿ, ವಾಚ್ ಎಂದೂ ಅಲ್ಲಿಗೆ ಹೋಗಿರಲಿಲ್ಲ. ಫ್ರಿಜ್ಜಿನ ಬಳಿಗೂ ಹೋಗಿರಲಿಲ್ಲ. ಮಲಗುವ ಕೋಣೆಗೆ ಬಂದು ಡ್ರೆಸ್ಸಿಂಗ್ ಟೇಬಲ್ಲಿನ ಹತ್ತಿರ ದಿಕ್ಸೂಚಿ ಹಿಡಿದಳು. ಮುಳ್ಳು ತನ್ನ ದಿಕ್ಕನ್ನು ಬಿಟ್ಟು ಪಿಂಗಾಣಿ ಬಟ್ಟಲಿಗೆ ತಿರುಗಿ ನಿಂತಿತು. ಬಟ್ಟಲಿನಲ್ಲಿ ಸ್ಕಾರ್ಫಿನ ಗುಂಡಿಗಳು ಜೋಡಿಜೋಡಿಯಾಗಿ ಅಂಟಿಕೊಂಡಿದ್ದವು. ಹಳೆಯವು ಒತ್ತುಗುಂಡಿಗಳು, ಇವು ಬಟ್ಟೆಯ ಮೇಲೊಂದು ಕೆಳಗೊಂದು ಇಟ್ಟರೆ ಪಿನ್ನಿಲ್ಲದೆ ಹಿಡಿದುಕೊಳ್ಳುವ ಮ್ಯಾಗ್ನೆಟ್ ಗುಂಡಿಗಳು. ಪಿನ್ನು ಚುಚ್ಚಿ ಚುಚ್ಚಿ ರೇಷ್ಮೆ ಸ್ಕಾರ್ಫುಗಳಲ್ಲಿ ತೂತು ಬಿದ್ದಿವೆ ಎಂದು ಅವಳು ಹೇಳಿದ್ದಕ್ಕೆ ಆನ್‌ಲೈನಿನಲ್ಲಿ ತರಿಸಿದವನು ನಾನು. ಹಿಡಿತ ಸಾಲದೆ ಹೋದೀತು ಎಂಬ ಅನುಮಾನಕ್ಕೆ, ಇದ್ದುದರಲ್ಲೇ ಬಲವಾದದ್ದನ್ನು ಆರಿಸಿ ತರಿಸಿದ್ದೆ. ಬಂದದ್ದು, ಟ್ರಾಮ್ ತಡವಾಗತೊಡಗಿದ ಮಂಗಳವಾರದ ಹಿಂದಿನ ಭಾನುವಾರ. ಬಿಚ್ಚಿ ಆ ಬಟ್ಟಲಿಗೆ ಸುರಿದದ್ದೂ ನಾನೇ.

"ಇದು ನಿಮ್ಮದೇ ಘನಂದಾರಿ ಕೆಲಸ" ಎಂದಳು.

ನಾನು ಮಗಳ ಕೋಣೆಗೆ ಹೋದೆ. ತಪ್ಪು ಪೂರ್ತಿ ನನ್ನದು, ವಾಚ್ ಆರು ನಿಮಿಷ ಮುಂದಿತ್ತು, ನೀನು ಮೋಸ ಮಾಡಲಿಲ್ಲ, ದೊಡ್ಡವರು ಕುಡಿ ಎಂದಾಗ ಕುಡಿದೆ ಅಷ್ಟೇ ಎಂದು ಹೇಳಿದೆ. ಜೋರು ಮಾಡಿದ್ದಕ್ಕೆ ಕ್ಷಮೆ ಕೇಳಿದೆ. ನಾವು ಬೆಳೆದ ಮನೆಗಳಲ್ಲಿ ಅಪ್ಪಂದಿರು ಮಕ್ಕಳ ಕ್ಷಮೆ ಕೇಳುತ್ತಿರಲಿಲ್ಲ. ಅವಳು ಕೇಳಿಸಿಕೊಂಡಳು. ನಂಬಿದಳೋ ಇಲ್ಲವೋ ತಿಳಿಯಲಿಲ್ಲ.

ಹೋದ ಏಳು ರೋಜಾಗಳನ್ನು ಡಿಸೆಂಬರಿನಲ್ಲಿ ಹಿಡಿಯೋಣ ಎಂದು ನಾವಿಬ್ಬರೂ ಮಾತಾಡಿಕೊಂಡೆವು. ಇಲ್ಲಿಯ ನಮ್ಮವರೆಲ್ಲ ಮಾಡುವ ಉಪಾಯ ಅದು. ಬಾಕಿ ರೋಜಾಗಳನ್ನೆಲ್ಲ ಡಿಸೆಂಬರಿಗೆ ತಳ್ಳುವುದು, ಆಗ ಮೂರೂವರೆಗೆ ಸೂರ್ಯ ಮುಳುಗಿರುತ್ತದೆ, ಊಟ ಸ್ವಲ್ಪ ತಡವಾದ ಹಾಗೆ ಅಷ್ಟೆ. ಮಗಳು ಇದನ್ನು ಕೇಳಿಸಿಕೊಂಡಿದ್ದಳು.

"ಅದೂ ಫುಸ್ಕ ಅಲ್ವಾ?" ಎಂದಳು. "ಆವತ್ತಿನ ದಿನ ಉದ್ದ ಇತ್ತು. ಡಿಸೆಂಬರ್‌ದು ಚಿಕ್ಕದು."

ಮುಲ್ಲಾಗಳು ಒಪ್ಪಿದ್ದನ್ನು ಮಗು ಒಪ್ಪಲಿಲ್ಲ. ಹಾಗಾಗಿ ಈದ್ ಮುಗಿದ ಮುಂದಿನ ಶನಿವಾರವೇ ಮೂವರೂ ಮೊದಲನೆಯದನ್ನು ಹಿಡಿದೆವು. ನಿನಗೆ ಬೇಕಿಲ್ಲ ಎಂದರೂ ಅವಳು ಬಿಡಲಿಲ್ಲ. ಆ ಹೊತ್ತಿಗೆ ದಿನ ಇನ್ನೂ ಸುಮಾರು ಎರಡು ಗಂಟೆ ಉದ್ದವಾಗಿತ್ತು. ಸಂಜೆ ಅವಳ ತುಟಿ ಮತ್ತೆ ಒಣಗಿತು. ಮಾತಾಡಿಸುತ್ತಿದ್ದರೆ ಹೊತ್ತು ಹೋಗುತ್ತದೆ ಎಂದು ನಾನು ಪಕ್ಕದಲ್ಲಿ ಕೂತೆ.

"ಪಪ್ಪಾ, ವಾಚ್ ಹಾಳಾದಾಗ ನಿಮಗೆ ಯಾರ ಮೇಲೆ ಡೌಟ್ ಬಂತು?"

ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. "ಅಂಗಡಿ ಅಜ್ಜನ ಮೇಲೆ. ಟ್ರಾಮಿನವರ ಮೇಲೆ. ಆಫೀಸಿನವರ ಮೇಲೆ. ಉಮ್ಮನ ಮೇಲೂ ಸ್ವಲ್ಪ."

"ನನ್ನ ಮೇಲೆ?"

"ನಿನ್ನ ಮೇಲೂ ಪುಟ್ಟಿ. ನಿನ್ನ ಮೇಲೆ ಜಾಸ್ತಿ."

ಅವಳಿಗೆ ಬೇಸರವಾದ ಹಾಗೆ ಕಾಣಲಿಲ್ಲ. ಒಣಗಿದ ತುಟಿಯನ್ನು ನಾಲಿಗೆಯಿಂದ ಒದ್ದೆ ಮಾಡಿಕೊಂಡು ಹೇಳಿದಳು:

"ನಂಗೂ ನನ್ನ ಮೇಲೇ ಇತ್ತು."

ಆ ವಾರ ಸೋಮವಾರದಿಂದ ಬುಧವಾರದವರೆಗೆ ಆ ಮನೆಯಲ್ಲಿ ನಾನೂ ಅವಳೂ ಒಂದೇ ಮಗುವನ್ನು ಕಳ್ಳಿ ಎಂದುಕೊಂಡಿದ್ದೆವು. ಅವಳ ಪಕ್ಷಕ್ಕೆ ಯಾರೂ ಇರಲಿಲ್ಲ.